ನಾತದ ಹುಳಕ್ಕೆ ಬೆಡಗು ಹಚ್ಚಿದ ಸಿದ್ದಕ್ಕ

ಲೋಕಾಪುರದ ಸುತ್ತ ಹುಟ್ಟಿದ ಮೂಗುಗಳಲ್ಲೆಲ್ಲ ಸಿದ್ದಕ್ಕನ ಮೂಗೇ ಚಕ್ರವರ್ತಿ. ಬೆಳೆಯ ಮೇಲೆ ಕೂರುವ ನಾತದ ಹುಳವೊಂದನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ ಒಮ್ಮೆ ಮೂಸಿದಳೆಂದರೆ ಅದರ ಕುಲಗೋತ್ರ ಬಯಲಿಗೆ ಬೀಳುತ್ತಿತ್ತು. ಘಟಪ್ರಭೆಯ ಆಚೆ ದಂಡೆಯಲ್ಲಿ ಹುಳ ಹೂಸು ಬಿಟ್ಟರೆ ಈಚೆ ದಂಡೆಯಲ್ಲಿ ಅವಳು ಅದರ ಹೆಸರು ಹೇಳುತ್ತಾಳೆಂದು ಜನ ಆಡಿಕೊಳ್ಳುತ್ತಿದ್ದರು. ಸಮೀರವಾಡಿಯ ಸಕ್ಕರೆ ಕಾರ್ಖಾನೆ ಕಡೆಯ ಗಾಳಿ ಕಬ್ಬಿನ ಪಾಕದ ವಾಸನೆಯನ್ನು ಊರ ತುಂಬ ಸುರಿದ ದಿನಗಳಲ್ಲೂ ಆ ಮೂಗು ಸೋತದ್ದಿಲ್ಲ.

ತವರಿನಲ್ಲಿ ಮುನ್ನೂರು ಕುರಿಗಳನ್ನು ಮುಖ ನೋಡಿಯೇ ಗುರುತಿಸುತ್ತಿದ್ದವಳು ಅವಳು. ಕುರುಬರಲ್ಲಿ ಮನೆತನಗಳನ್ನು ಬೆಡಗುಗಳೆಂದು ಹಂಚುವಂತೆಯೇ ಹುಳಗಳನ್ನೂ ಹಂಚಿದ್ದಳು. ಹಸಿರು ಮೈಯವು ಒಂದು ಬೆಡಗು, ತೊಗಟೆಯಂತೆ ಒರಟಾದವು ಇನ್ನೊಂದು, ಹೆಗಲಿಗೆ ಮುಳ್ಳಿರುವ ಕಂದು ಹುಳಗಳದೇ ಬೇರೆ ಬೆಡಗು. ಒಮ್ಮೆ ಮಾತ್ರ ಎಡವಿದ್ದಳು. ಕಪ್ಪು ಮೈಗೆ ಬಿಳಿ ಚುಕ್ಕಿಯಿದ್ದ ಸಣ್ಣ ಹುಳಗಳಿಗೆ ಪ್ರತ್ಯೇಕ ಬೆಡಗು ಕೊಟ್ಟು ಎರಡು ವರ್ಷ ನಡೆಸಿದ್ದಳು. ಒಂದು ಮುಂಜಾನೆ ಅವುಗಳಲ್ಲೊಂದು ಅವಳ ಕಣ್ಣೆದುರೇ ಪೊರೆ ಕಳಚಿ ಹಚ್ಚಹಸಿರಾಗಿ ಹೊರಬಂತು. ಹಸಿರು ಹುಳದ ಕೂಸುಗಳನ್ನು ಅಪ್ಪನ ಬೆಡಗಿನಿಂದ ಕಿತ್ತು ಬೀಗರ ಬೆಡಗಿಗೆ ಸೇರಿಸಿದ್ದೆನಲ್ಲ ಎಂದು ಕೆನ್ನೆ ಬಡಿದುಕೊಂಡಳು. ಹುಳಕ್ಕೆ ತಪ್ಪಾಯಿತೆಂದಳು. ಆಮೇಲೆ ಅದನ್ನು ಹೊಸಕಿ ಹಾಕಿದಳು.

ಎರಡು ಸಾವಿರದ ಆರರ ಕಾರ್ತಿಕದಲ್ಲಿ ಅವಳ ನಾಲ್ಕು ಎಕರೆ ತೊಗರಿ ಹೂ ಕಾಯಿ ಹೊತ್ತು ನಿಂತಾಗ, ಔಷಧದ ಅಂಗಡಿಯ ಚನಮಲ್ಲಪ್ಪ ಹೊಲಕ್ಕೆ ಬಂದ. ಗಿಡದ ತುಂಬ ಹುಳ ಕಂಡು, ನಾಳೆಯೇ ಔಷಧ ಹೊಡೆಯಬೇಕೆಂದ. ಗಂಡ ಅಮಸಿದ್ದಪ್ಪ ಹೂಂ ಎಂದುಬಿಟ್ಟ. ಸಿದ್ದಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೊಡೆದರೆ ಮುಳ್ಳು ಹೆಗಲಿನವು ಸಾಯುತ್ತವೆ. ಅವು ಸತ್ತರೆ ಕಾಯಿ ಕೊರೆಯುವ ಕೀಡಿಯನ್ನು ತಿನ್ನುವವರಾರು? ನಾಲ್ಕು ಎಕರೆಯೂ ಹೋದಂತೆಯೇ.

“ಹೊಡಿಯೂದಿಲ್ಲ,” ಎಂದಳು.

“ಯಾಕಬೇ, ಹುಳಾ ಕಾಣವಲ್ವೇನ ನಿನಗ?” ಎಂದ ಅಮಸಿದ್ದಪ್ಪ.

“ಕಾಣತಾವ. ಅದಕ್ಕ ಹೊಡಿಯೂದಿಲ್ಲ.”

ಚನಮಲ್ಲಪ್ಪ ನಕ್ಕ. “ಸಿದ್ದಕ್ಕಾ, ನಾರೂ ಹುಳಾ ಅಂದ್ರ ಎಲ್ಲಾ ಒಂದ. ಅದರಾಗ ಛಲೋದು, ಕೆಟ್ಟದು ಅಂತ ಎಲ್ಲಿಂದ ತಂದಿ?”

“ಸಾವಕಾರ್ರ, ನಿಮ್ಮ ಅಂಗಡ್ಯಾಗಿನ ಬಾಟ್ಲಿನೂ ಎಲ್ಲಾ ನಾರತಾವ. ಎಲ್ಲಾ ಒಂದ ಏನ್ರಿ?”

ಹೆಗಲ ಮೇಲಿನ ಕರಿ ಕಂಬಳಿಯನ್ನು ಗಿಡದ ಬುಡಕ್ಕೆ ಹಾಸಿದಳು. ರೆಂಬೆ ಹಿಡಿದು ಝಾಡಿಸಿದಳು. ಹುಳವೂ ಕೀಡಿಯೂ ಪಟಪಟ ಉದುರಿದವು. ದಂಡನಾಯಕಿಯಂತೆ ಮಂಡಿಯೂರಿ, ಬೆಡಗು ಬೆಡಗಾಗಿ ಬೇರ್ಪಡಿಸಿ, ಮುಳ್ಳು ಹೆಗಲಿನದೊಂದನ್ನು ಎತ್ತಿ ಹಿಡಿದಳು.

“ಇದರ ಸೊಂಡಿ ನೋಡ್ರಿ, ದಬ್ಬಣದಂಗ ಐತಿ. ಹಸರಂದು ಕೂದಲದಂಗ ಸಣ್ಣದು. ಅದು ಕಾಯಿ ರಸಾ ಹೀರೂದು. ಇದು ಕೀಡಿ ತಿನ್ನೂದು.”

“ತಿಂದದ್ದು ತೋರಸ. ತಿನಲಿಲ್ಲಂದ್ರ ನಾಳಿ ಮುಂಜಾನಿ ಹೊಡಿಯೂದ,” ಎಂದ ಚನಮಲ್ಲಪ್ಪ.

ಖಾಲಿ ಗಾಜಿನ ಸೀಸೆಯೊಳಗೆ ಆ ಹುಳವನ್ನೂ ಅದರ ಮೂರು ಪಟ್ಟು ಉದ್ದದ ಕೀಡಿಯನ್ನೂ ಬಿಟ್ಟಳು. ಕುರುಕ್ಷೇತ್ರ ಸಜ್ಜಾಯಿತು. ಆದರೆ ವೀರ ಗಾಜಿನ ಗೋಡೆ ಹತ್ತಿ ಮೀಸೆ ತಿಕ್ಕುತ್ತ ಕುಳಿತ. ಚನಮಲ್ಲಪ್ಪ ಎಲೆ ಅಡಿಕೆ ಜಗಿದು ಮುಗಿಸಿದ, ಎರಡನೆಯದನ್ನೂ ಮಡಚಿದ. “ನಿನ್ನ ಪೈಲವಾನಗ ಇವತ್ತ ಒಪ್ಪತ್ತೇನಬೇ?” ಎಂದ. ಅಮಸಿದ್ದಪ್ಪ ನೆಲ ನೋಡತೊಡಗಿದ. ಸಿದ್ದಕ್ಕ ಮಾತ್ರ ಸೀಸೆ ಹಿಡಿದ ಕೈ ಅಲುಗಿಸಲಿಲ್ಲ.

ಹುಳ ಮೆಲ್ಲಗೆ ಕೆಳಗಿಳಿಯಿತು. ಸೊಂಡಿ ಮುಂದೆ ಚಾಚಿತು. ಚುಚ್ಚಿತು. ಕೀಡಿ ಒದ್ದಾಡಿತು, ತಿರುಚಿತು, ಆಮೇಲೆ ಒಣಹಾಕಿದ ಅರಿವೆಯಂತೆ ಸೊಂಡಿಯ ತುದಿಗೆ ಜೋತುಬಿತ್ತು.

“ಹೊಡಿಯೂದು ಬ್ಯಾಡ್ರಿ ಸಾವಕಾರ್ರ,” ಎಂದ ಅಮಸಿದ್ದಪ್ಪ, ತಾನೇ ಗೆದ್ದವನಂತೆ. “ಹಸರ ಹುಳಾನ ಕಂಬಳಿಗಿ ಝಾಡಿಸಿ ಕೊಲ್ತೇವಿ.”

ಚನಮಲ್ಲಪ್ಪ ಬಾಯೊಳಗಿನದನ್ನು ಉಗುಳಿ, ಮೊದಲ ಬಾರಿಗೆ ಕೈ ಮುಗಿದ. “ಖರೇ ಹೇಳ ಸಿದ್ದಕ್ಕಾ. ಯಾರಿಗೂ ಬಾರದ ಈ ವಿದ್ಯಾಕ್ಕ ಯಾಕ ಬೆನ್ನ ಹತ್ತಿದಿ? ಬೀರಪ್ಪ ದೇವ್ರ ಏನರ ಕನಸಿನ್ಯಾಗ ಬಂದಿದ್ನೇನು?”

ಸಿದ್ದಕ್ಕ ಕಂಬಳಿ ಕೊಡವಿದಳು.

“ಔಷಧಾ ಹೊಡ್ಯಾಕ ಹಳ್ಳದಿಂದ ಮೂವತ್ತ ಕೊಡಾ ನೀರ ತರಬೇಕಾಕ್ಕೈತ್ರಿ. ಹೊರಾಕಿ ನಾನ.”