ಚಂದ್ರಿಯ ಸುತ್ತಲಿನ ತಾಡಪತ್ರಿ

ಹಿಂಜವಾಡಿಯ ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಅಂಟಿಕೊಂಡೇ ಚನ್ನಬಸವ್ವನ ದನದ ಕೊಟ್ಟಿಗೆ ಇದೆ. ಸಗಣಿ ವಾಸನೆ ಅಂತ ಸೊಸೈಟಿಯವರು ಮೂಗು ಮುರಿಯುತ್ತಾರೆ. ಬೆಳಗಾದರೆ ಸ್ಟೀಲ್ ಕ್ಯಾನ್ ಹಿಡಿದು ಅವರೇ ಮೊದಲು ಓಡುತ್ತಾರೆ. ನಾನೂ ಓಡುತ್ತೇನೆ, ಸುಳ್ಳೇಕೆ. ಜಮಖಂಡಿ ಕಡೆಯ ಈ ಹೆಂಗಸು ಹಾಲಿಗೆ ನೀರು ಬೆರೆಸುವವಳಲ್ಲ. ಆದರೆ ತಡವಾಗಿ ಹೋದರೆ ಕನ್ನಡ, ಮರಾಠಿ ಎರಡರಲ್ಲೂ ಮಂಗಳಾರತಿ ಮಾಡುತ್ತಾಳೆ.

ಅವಳ ಆಕಳುಗಳಲ್ಲಿ ಚಂದ್ರಿಯೇ ಮಹಾರಾಣಿ. ಈ ಸಲ ಕರು ಹಾಕಿದ ಮೇಲೆ ಬಕೆಟ್ ತುಂಬಿ ಚೆಲ್ಲುವಷ್ಟು ಹಾಲು ಕೊಟ್ಟಳು. ಚನ್ನಬಸವ್ವನಿಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು. ಹೊಸದಾಗಿ ಈದ ಆಕಳ ಕೆಚ್ಚಲಿಗೆ ಬೇಗ ದೃಷ್ಟಿ ತಾಗುತ್ತದಂತೆ. ಊರಲ್ಲಾದರೆ ನಾಲ್ಕು ಮಂದಿ ನೋಡಿಯಾರು, ಇಲ್ಲಿ ಬಾಲ್ಕನಿಗಳಿಂದ ಇಡೀ ಐಟಿ ಲೋಕವೇ ಇಣುಕುತ್ತದೆ! ಆಕಳ ಕಾಲಿಗೆ ಕರಿದಾರ ಕಟ್ಟಿದಳು. ಅದೂ ಸಾಲದೆಂದು ಚಂದ್ರಿಯನ್ನು ಮೂಲೆಯಲ್ಲಿ ಒಂಟಿಯಾಗಿ ಕಟ್ಟಿ, ಸುತ್ತ ಪರದೆಯಂತೆ ಪ್ಲಾಸ್ಟಿಕ್ ತಾಡಪತ್ರಿ ಇಳಿಬಿಟ್ಟಳು.

ತಿಂಗಳುಗಳು ಕಳೆದವು. ಉಳಿದ ಆಕಳುಗಳು ಬೆದೆಗೆ ಬಂದು ಗಬ್ಬವಾದವು, ಚಂದ್ರಿಯದು ಸುದ್ದಿಯೇ ಇಲ್ಲ. ಗಂಡ ಕಾಡಪ್ಪ ಬೇಸತ್ತು, "ಇದು ಗೊಡ್ಡ ಬಿದ್ದದ. ಐತವಾರ ವ್ಯಾಪಾರಿ ಬರ್ತಾನ, ಕೊಟ್ಟಬಿಡೂಣು" ಎಂದ.

ಚನ್ನಬಸವ್ವ ಕೈಲಿದ್ದ ತಂಬಿಗೆ ಬಿಸಾಕಿದಳು. "ಆ ಮಾತ ನನ್ನ ಮುಂದ ಆಡಬ್ಯಾಡ್ರಿ!" ಮಕ್ಕಳಾಗದ ಅವಳಿಗೆ ಅತ್ತೆಮನೆಯಲ್ಲಿ ಅದೇ ಹೆಸರಿಟ್ಟಿದ್ದರು. ನನಗೂ ಕಾಡಪ್ಪನ ಮೇಲೆ ಮೈಯೆಲ್ಲ ಉರಿಯಿತು.

ಶನಿವಾರವೇ ಅವಳು ಪಶುವೈದ್ಯೆ ಇಂಪನಾಳನ್ನು ಕರೆಸಿದಳು. ಮಂಡ್ಯದ ಹುಡುಗಿ. ಉದ್ದನೆಯ ಕೈಗವಸು ತೊಟ್ಟು ಪರೀಕ್ಷಿಸಿದಳು.

"ಗರ್ಭಕೋಶ ಚೆನ್ನಾಗಿದೆ ಅಮ್ಮ, ಸೋಂಕಿಲ್ಲ. ಕರು ಹಾಕಿದ ಹೊಸದ್ರಲ್ಲಿ ತಿಂದಿದ್ದೆಲ್ಲ ಹಾಲಿಗೇ ಹೋಗಿ ಮೈ ಇಳಿದಿರುತ್ತೆ, ಮೊದಲು ತಡ ಆಗಿದ್ದು ಅದಕ್ಕೇ. ಈಗ ಬೆದೆಗೆ ಬರ್ತಾನೇ ಇದೆ, ನಿಮಗೆ ಗೊತ್ತಾಗ್ತಿಲ್ಲ ಅಷ್ಟೆ. ಬೆದೆಗೆ ಬಂದ ಹಸು, ಇನ್ನೊಂದು ಮೇಲೆ ಹತ್ತಿದ್ರೂ ಸುಮ್ನೆ ನಿಲ್ಲುತ್ತೆ, ಅದೇ ಗುರುತು. ಪಕ್ಕದಲ್ಲಿ ಇನ್ನೊಂದು ಹಸು ಇದ್ರೆ ತಾನೇ ಹತ್ತೋದು? ಈ ಪರದೆ ತೆಗೆದು ಎಲ್ಲದ್ರ ಜೊತೆ ಬಿಡಿ. ಹಿಂಡಿನೂ ಸ್ವಲ್ಪ ಜಾಸ್ತಿ ಹಾಕಿ."

"ಅಯ್ಯ ನಮ್ಮವ್ವಾ, ನಾನ ಮುಚ್ಚಿಟ್ಟೆನಲ್ಲ!" ಚನ್ನಬಸವ್ವ ಹಣೆ ಚಚ್ಚಿಕೊಂಡಳು. ತಾಡಪತ್ರಿ ಕಿತ್ತೆಸೆದಳು. ಮರುದಿನ ಬಂದ ವ್ಯಾಪಾರಿಯನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸಿದಳು.

ಬಯಲಿಗೆ ಬಂದ ಚಂದ್ರಿ ಒಂದು ಮುಂಜಾನೆ, ಬೇರೆ ಆಕಳು ಮೈಮೇಲೆ ಹತ್ತಿದರೂ ಕದಲದೆ ನಿಂತಳು. ಚನ್ನಬಸವ್ವ ಹಾಲಳೆಯುವುದು ಬಿಟ್ಟು ಫೋನಿಗೆ ಓಡಿದಳು. ನಮ್ಮ ಕ್ಯಾನುಗಳು ಖಾಲಿಯೇ ಉಳಿದವು. ಸಂಜೆ ಇಂಪನಾ ಬಂದು ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಮಾಡಿ ಹೋದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಪರೀಕ್ಷೆ. ನಾನೂ ಕ್ಯಾನ್ ಹಿಡಿದು ನೋಡುತ್ತ ನಿಂತಿದ್ದೆ. "ಗಬ್ಬ ನಿಂತಿದೆ," ಎಂದಳು ಇಂಪನಾ.

ಕಾಡಪ್ಪ ಹಲ್ಲು ಕಿರಿದ. "ಸುಮ್ನ ಗೊಡ್ಡ ಅಂದ್ನೆಲ್ಲ ಇದಕ್ಕ, ಛೆ."

ಚನ್ನಬಸವ್ವ ಚಂದ್ರಿಯ ಕತ್ತು ಸವರುತ್ತ, ಅವನತ್ತ ತಿರುಗದೆಯೇ ಹೇಳಿದಳು: "ಆಕಿಗೆ ಡಾಕ್ಟ್ರು ಬಂದ್ರು. ನಿಮ್ಮವ್ವ ನನಗ ಆ ಮಾತ ಅಂದಾಗ, ನೀವು ಯಾರನ್ನ ಕರದ್ರಿ?"