ಲಾಭ, ಎರಡು, ಮೂರು, ನಾಕು

ಲಂಡನ್ನಿನ ಕ್ರೋಯ್ಡನ್‌ನಲ್ಲಿ ಟ್ರಾಮ್ ಓಡಲು ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲು ನಾನು ಮನೆಯ ಹತ್ತಿರದ ಜಿಪಿ, ಅಂದರೆ ಬಡಾವಣೆಯ ಡಾಕ್ಟರರ, ದವಾಖಾನೆಯಲ್ಲಿ ರಿಸೆಪ್ಷನಿಸ್ಟ್ ಆಗಿ ಸೇರಿಕೊಂಡೆ. ಗಂಡ ಆಸ್ಪತ್ರೆಯ ಡಾಕ್ಟರು, ಮಗಳು ಶಾಲೆಗೆ ಹೋಗುತ್ತಿದ್ದಳು, ನನಗೆ ಮಧ್ಯಾಹ್ನದವರೆಗೆ ಮನೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ಅಲ್ಲಿ ಒಬ್ಬ ನರ್ಸ್ ಇದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ನನ್ನದೇ ಮೈಬಣ್ಣ, ನನ್ನಂತೆಯೇ ದಪ್ಪ ಜಡೆ. ಬರುವ ಪೇಷಂಟುಗಳೆಲ್ಲ ನಮ್ಮನ್ನು ಅಕ್ಕತಂಗಿಯರು ಎಂದುಕೊಳ್ಳುತ್ತಿದ್ದರು. ನಾನೂ ಮೊದಲ ದಿನವೇ ಕೇಳಿಬಿಟ್ಟಿದ್ದೆ, "ನಿಮ್ಮದು ಆಂಧ್ರವೋ, ತಮಿಳುನಾಡೋ?"

"ಎರಡೂ ಅಲ್ಲ. ಮಾರಿಷಸ್. ಸಮುದ್ರದ ನಡುವೆ ಒಂದು ಚುಕ್ಕೆ" ಎಂದು ನಕ್ಕಿದ್ದಳು.

ಊಟದ ಹೊತ್ತಿನಲ್ಲಿ ಹಿಂದಿನ ಕೋಣೆಯಲ್ಲಿ ಕೂತು ಅವಳು ತನ್ನ ದ್ವೀಪದ ಕಥೆ ಹೇಳುತ್ತಿದ್ದಳು. ಮೊದಲು ಫ್ರೆಂಚರು ಆಳಿದ್ದು, ಆಮೇಲೆ ಇಂಗ್ಲಿಷರ ಕೈಸೇರಿದ್ದು. ದೊರೆ ಬದಲಾದರೂ ಕಬ್ಬಿನ ತೋಟದ ಧಣಿಗಳು ಹೆಚ್ಚಾಗಿ ಫ್ರೆಂಚರೇ ಉಳಿದರಂತೆ. ಗುಲಾಮರನ್ನು ಬಿಡಬೇಕಾಗಿ ಬಂದಾಗ, ಕಬ್ಬು ಕಡಿಯುವವರು ಬೇಕಲ್ಲ, ಐದು ವರ್ಷದ ಕರಾರಿನ ಮೇಲೆ ನಮ್ಮ ದೇಶದ ಜನರನ್ನು ಹಡಗು ಹತ್ತಿಸಿದರು. ಅವಳ ತಾಯಿಯ ಮುತ್ತಜ್ಜ ಹಾಗೆ ಮದ್ರಾಸಿನ ಬಂದರಿನಿಂದ ಹೋದವನು. "ಮನೆಯಲ್ಲಿ ಕ್ರಿಯೋಲ್ ಮಾತಾಡ್ತೀವಿ, ಅದು ಫ್ರೆಂಚಿನ ಮಗಳು. ಶಾಲೇಲಿ ಇಂಗ್ಲಿಷ್ ಬರೀತೀವಿ. ದೇವರ ಮುಂದೆ ತೆಲುಗು, ಅದು ನಮಗೆ ಅರ್ಥ ಆಗಲ್ಲ" ಎಂದು ನಗುತ್ತಿದ್ದಳು.

ನನಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಧಾರವಾಡದ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಈಗ ನನ್ನ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು.

ಆ ಬೇಸಿಗೆಯಲ್ಲಿ ಅವಳ ತಾಯಿ ಆರು ತಿಂಗಳ ಮಟ್ಟಿಗೆ ಬಂದರು; ನಮಗೆಲ್ಲ ಅವರು ಅಜ್ಜಿ. ಒಂದು ಭಾನುವಾರ ನಮ್ಮನ್ನು ಊಟಕ್ಕೆ ಕರೆದಳು. ನಾನು ಅಡುಗೆಮನೆಗೆ ಹೋದಾಗ ಅಜ್ಜಿ ಒಲೆಯ ಪಕ್ಕ ನಿಂತು, ಹಳೆಯ ಹಾಲಿನ ಡಬ್ಬಿಯೊಂದರಲ್ಲಿ ಅಕ್ಕಿ ಅಳೆದು ಪಾತ್ರೆಗೆ ಸುರಿಯುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು.

"ಲಾಬಾ... ಎರಡು... ಮೂರು... ನಾಕು..."

ನನ್ನ ಕೈಲಿದ್ದ ಹೂವಿನ ಕಟ್ಟು ಹಾಗೇ ಉಳಿಯಿತು. ನಮ್ಮ ಕಡೆ ಕಾಳು ಅಳೆಯುವಾಗ ಮೊದಲನೇ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ನನ್ನ ಅಜ್ಜಿ ಜೋಳ ಅಳೆಯುತ್ತಿದ್ದುದೇ ಹಾಗೆ.

"ಏನಂದ್ರಿ ಅಜ್ಜಿ? ಇನ್ನೊಮ್ಮೆ ಹೇಳ್ರಿ!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಅವರು ಗಾಬರಿಯಾಗಿ ಮಗಳ ಮುಖ ನೋಡಿದರು. ಅವಳು ಓಡಿಬಂದು ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸತೊಡಗಿದಳು.

"ಅಮ್ಮ ಕ್ಷಮಿಸಿ ಅಂತಿದಾರೆ. ಅದು ಕೆಟ್ಟ ತೆಲುಗಂತೆ. ಚಿಕ್ಕವರಿದ್ದಾಗ ತೋಟದ ಪಾಠಶಾಲೇಲಿ ತೆಲುಗು ಮೇಷ್ಟ್ರು ಎಣಿಸು ಅಂದರಂತೆ. ರೆಂಡು ಅನ್ನೋ ಕಡೆ ಇವರು ಎರಡು ಅಂದಾಗ ಮಕ್ಕಳೆಲ್ಲ ನಕ್ಕರಂತೆ. ಕಬ್ಬಿನ ಗದ್ದೇಲಿ ಕೊಳೆತ ಭಾಷೆ ಅಂದರಂತೆ ಮೇಷ್ಟ್ರು. ಮಾರನೇ ದಿನದಿಂದ ಅಮ್ಮ ಹೋಗಲೇ ಇಲ್ಲ. ನಮಗೂ ಕಲಿಸಲಿಲ್ಲ."

"ಅದು ತೆಲುಗೇ ಅಲ್ಲ, ಅವರಿಗೆ ಹೇಳು. ಅದು ಕನ್ನಡ. ನನ್ನ ಭಾಷೆ. ಒಂದಕ್ಷರವೂ ತಪ್ಪಿಲ್ಲ."

ಅವಳು ಹೇಳಿದಳು. ಅಜ್ಜಿ ಡಬ್ಬಿ ಕೆಳಗಿಟ್ಟರು. ನಂಬಿಕೆ ಬರಲಿಲ್ಲವೆಂದು ಕಾಣುತ್ತದೆ, ಪರೀಕ್ಷೆ ಶುರುಮಾಡಿದರು. ಹುಣಸೆಹಣ್ಣು ತೋರಿಸಿ ಹುಬ್ಬೇರಿಸಿದರು. ನಾನು "ಹುಣಸಿ" ಎಂದೆ. ಅವರು "ಉಣಸಿ" ಎಂದು ತಲೆಯಾಡಿಸಿದರು. ಆಮೇಲೆ "ಆಲು" ಎಂದರು. ನಾನು ಬುಟ್ಟಿಯಿಂದ ಆಲೂಗಡ್ಡೆ ಎತ್ತಿ ತೋರಿಸಿದೆ. ಅಲ್ಲ ಅಲ್ಲ ಎಂದು ಫ್ರಿಜ್ ತೆಗೆದು ಹಾಲಿನ ಬಾಟಲಿ ಹೊರಗಿಟ್ಟರು. ಹಾಲು! ಮೂವರೂ ನಗಲು ಹತ್ತಿದೆವು. ಮೊಮ್ಮಕ್ಕಳು ಏನಾಯಿತೆಂದು ಗದ್ದಲ ಮಾಡುತ್ತಾ ಬಂದರೆ ಅಜ್ಜಿ "ಸುಮ್ಕಿರು!" ಎಂದು ಗದರಿದರು. ಅದು ಕ್ರಿಯೋಲ್ ಬೈಗುಳ ಎಂದೇ ಆ ಮಕ್ಕಳು ಅಲ್ಲಿಯವರೆಗೆ ತಿಳಿದಿದ್ದರು.

ಊಟಕ್ಕೆ ಕೂತಾಗ ನಾನು ಗಂಡನಿಗೆ, ಫ್ರೆಂಚರ ನಾಲಿಗೆಗೆ 'ಹ' ಬರುವುದಿಲ್ಲ, ಅದಕ್ಕೇ ಇವರ ಹಾಲು ಆಲು ಆಗಿದೆ ಎಂದು ದೊಡ್ಡ ಪಂಡಿತಳಂತೆ ವಿವರಿಸಿದೆ.

"ಬಳ್ಳಾರಿ ಕಡೆ ಹಳ್ಯಾಗೂ 'ಹ' ಅನ್ನೂದಿಲ್ಲ. ಅದಕ್ಕ ಪಾಪ ಫ್ರೆಂಚರನ್ನ ಯಾಕ ಬೈತಿ?" ಎಂದ ಅವನು.

ಬಳ್ಳಾರಿ ಎಂಬ ಹೆಸರು ಕಿವಿಗೆ ಬಿದ್ದದ್ದೇ ನರ್ಸ್ ಎದ್ದು ಹೋಗಿ ಒಂದು ಕಾಗದ ತಂದಳು. ದ್ವೀಪದ ದಫ್ತರಖಾನೆಯಿಂದ ಪಡೆದ ನಕಲು, ಮುತ್ತಜ್ಜನ ದಾಖಲೆ. ಇಂಗ್ಲಿಷ್ ಗುಮಾಸ್ತನೊಬ್ಬನ ಓರೆ ಅಕ್ಷರ. ಎತ್ತರ, ಕೆನ್ನೆಯ ಮೇಲಿನ ಗಾಯದ ಗುರುತು, ಒಂದು ಊರಿನ ಹೆಸರು, ಜಿಲ್ಲೆ ಬಳ್ಳಾರಿ. ಜಾತಿಯ ಜಾಗದಲ್ಲಿ 'ಜೆಂಟೂ' ಎಂದಿತ್ತು. ಅದು ಆ ಕಾಲದ ಇಂಗ್ಲಿಷರು ತೆಲುಗರಿಗೆ ಇಟ್ಟಿದ್ದ ಹೆಸರು. ಗುಮಾಸ್ತ ಕೇಳಿ ಬರೆದನೋ, ಸಾಲಿನಲ್ಲಿ ಹಿಂದೆ ಮುಂದೆ ನಿಂತವರನ್ನು ನೋಡಿ ಬರೆದನೋ ಯಾರಿಗೆ ಗೊತ್ತು. ಆ ಒಂದು ಪದದ ಮೇಲೆ ಐದು ತಲೆಮಾರು ತಮ್ಮನ್ನು ತೆಲುಗರೆಂದು ತಿಳಿದು, ತಮ್ಮ ಮಾತು ಕೆಟ್ಟಿದೆಯೆಂದು ನಾಚಿಕೊಂಡು ಬದುಕಿತ್ತು. ತೆಲುಗರೆಂದ ಮೇಲೆ ಆಂಧ್ರದಲ್ಲೇ ಇರಬೇಕೆಂದು ಊರಿನ ಹೆಸರನ್ನು ಅಲ್ಲಿನ ನಕ್ಷೆಯಲ್ಲಿ ಹುಡುಕಿ ಹುಡುಕಿ ಇವಳು ಕೈಬಿಟ್ಟಿದ್ದಳು. ಹೆಸರಿನ ಕೊನೆಯಲ್ಲಿ ಗುಮಾಸ್ತ 'ಉಲ್ಲಿ' ಎಂದು ಬರೆದದ್ದು ನಮ್ಮ 'ಹಳ್ಳಿ' ಎಂದು ನನ್ನ ಗಂಡ ಒಂದೇ ನೋಟಕ್ಕೆ ಓದಿದ.

ಅಷ್ಟು ಹೊತ್ತೂ ಅಜ್ಜಿ ಕಾಗದದ ಕಡೆ ನೋಡಿರಲಿಲ್ಲ. ಕೊನೆಗೆ ಮಗಳ ತೋಳು ಮುಟ್ಟಿ ಏನೋ ಕೇಳಿದರು.

"ಹಾಗಾದ್ರೆ ಆವತ್ತು ನಾನು ತಪ್ಪು ಹೇಳಿರಲಿಲ್ಲ ಅಲ್ವಾ ಅಂತ ಕೇಳ್ತಿದಾರೆ."

"ಇಲ್ಲರಿ ಅಜ್ಜಿ" ಎಂದೆ. ಇದನ್ನು ಯಾರೂ ದಾಟಿಸಬೇಕಾಗಲಿಲ್ಲ.

ಆ ಬೇಸಿಗೆಯೆಲ್ಲ ಅಜ್ಜಿ ನಮ್ಮ ಮನೆಗೆ ಬಂದುಹೋದರು. ನಮ್ಮ ಕನ್ನಡದವರ ಕೂಟಕ್ಕೂ ಕರೆದುಕೊಂಡು ಹೋದೆ. ಅಲ್ಲಿ ಒಬ್ಬರು, ಇನ್ನು ಊರಿಗೆ ಹೋದರೆ ನೀವು ಕನ್ನಡದವರೆಂದೇ ಹೇಳಿಕೊಳ್ಳಬೇಕು ಎಂದು ಉತ್ಸಾಹದಿಂದ ಹೇಳಿದರು. ಅಜ್ಜಿ ಒಪ್ಪಲಿಲ್ಲ. ತಮ್ಮ ಮದುವೆಯಾದದ್ದು ತೆಲುಗರ ಗುಡಿಯಲ್ಲಿ, ಗಂಡನಿಗೆ ಹೆಗಲು ಕೊಟ್ಟವರೂ ಅವರೇ, ಅವರನ್ನು ಬಿಡುವುದಿಲ್ಲ ಎಂದರು. ಇದೂ ಇರಲಿ, ಅದೂ ಇರಲಿ ಎಂಬಂತೆ ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತರು. ನನಗೆ ಅದೇ ಸರಿ ಎನಿಸಿತು.

ಕೆಲವು ವರ್ಷಗಳ ಮೇಲೆ ನರ್ಸ್ ರಜೆ ಹಾಕಿ ಬಳ್ಳಾರಿಗೆ ಹೊರಟಳು. ಆ ಹೆಸರಿನ ಹಳ್ಳಿಗಳು ನಾಲ್ಕಿವೆ ಎಂದು ನನ್ನ ತಮ್ಮ ವಿಚಾರಿಸಿ ತಿಳಿಸಿದ್ದ. ಅವನೇ ಕಾರು ಮಾಡಿಕೊಂಡು ತಿರುಗಿಸಿದ. ಹಿಂದಿರುಗಿದ ಸೋಮವಾರ ಅವಳು ದವಾಖಾನೆಯ ಹಿಂದಿನ ಕೋಣೆಯಲ್ಲಿ ನನಗಾಗಿ ಕಾಯುತ್ತಿದ್ದಳು.

"ಸಿಕ್ತಾ?" ಎಂದೆ.

"ನಾಲ್ಕೂ ಕಡೆ ಚಹಾ ಕೊಟ್ಟರು. ನಾಲ್ಕೂ ಕಡೆ, ನಮ್ಮ ಊರೇ ಬಿಡ್ರಿ ಅಂದರು ಅಂತ ನಿನ್ನ ತಮ್ಮ ಹೇಳಿದ. ಯಾವುದು ಅಂತ ಹೇಗೆ ಹೇಳಲಿ? ಆದರೆ ಮೂರನೇ ಊರಲ್ಲಿ ಹೊರಟು ನಿಂತಾಗ ಒಬ್ಬ ಹೆಂಗಸು ನನ್ನನ್ನ ಬಾಗಿಲಲ್ಲೇ ನಿಲ್ಲಿಸಿಬಿಟ್ಟಳು. ಸೀರೆಯ ಸೆರಗು ಹಿಡಿ ಅಂತ ಸನ್ನೆ ಮಾಡಿದಳು. ನಾನು ಪ್ಯಾಂಟಿನಲ್ಲಿದ್ದೆ! ಒಳಗಿಂದ ತನ್ನ ಶಾಲು ತಂದು ನನಗೆ ಹೊದಿಸಿ, ಅದರಲ್ಲಿ ಇವನ್ನೆಲ್ಲ ಹಾಕಿದಳು. ಏನಿದು?"

ಚೀಲ ಬಿಚ್ಚಿದಳು. ರವಿಕೆಗೆಂದು ಹಸಿರು ಕುಬಸದ ಕಣ, ಅರಿಶಿನದ ಕೊಂಬು, ಒಣಕೊಬ್ಬರಿ ಬಟ್ಟಲು, ಒಂದು ಹಿಡಿ ಅಕ್ಕಿ.

"ಉಡಿ ತುಂಬಿದ್ದಾಳೆ" ಎಂದೆ. "ಮನೆಯ ಮಗಳು ತವರಿಂದ ಹೊರಡುವಾಗ ಹೀಗೆ ಕೊಟ್ಟು ಕಳಿಸ್ತಾರೆ."

ಅವಳು ಅರಿಶಿನದ ಕೊಂಬನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಗಡಿಯಾರದತ್ತ ಕತ್ತೆತ್ತಿ, "ನಮ್ಮ ದ್ವೀಪದಲ್ಲಿ ಈಗ ಅಮ್ಮ ಊಟ ಮುಗಿಸಿರ್ತಾರೆ" ಎನ್ನುತ್ತಾ ಫೋನಿನ ಗುಂಡಿ ಒತ್ತತೊಡಗಿದಳು. ಹೊರಗೆ ಪೇಷಂಟುಗಳು ಸಾಲುಗಟ್ಟಿದ್ದರು. ನಾನು ಬಾಗಿಲು ಎಳೆದುಕೊಂಡು ಕೌಂಟರಿಗೆ ಹೋದೆ. ಒಳಗಿಂದ ಅವಳ ಕ್ರಿಯೋಲ್ ಮಾತು, ನಡುನಡುವೆ ನಗು ಕೇಳಿಸುತ್ತಿತ್ತು.