ಫರ್ನಳ ಪಾಲಿನ ನಗು

ಡೆಲ್ಬರ್ಟ್ ಕುಂಕೆಲ್‌ಗೆ ದೇವರು ಕೊಟ್ಟ ಆಸ್ತಿಯೆಂದರೆ ಅವನ ಮುಖ ಒಂದೇ. ಹುಬ್ಬು ಮೇಲೇರಿ ಕೆಳತುಟಿ ಜೋತುಬಿತ್ತೆಂದರೆ ಸಾಕು, ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಅಮೆರಿಕದ ಬರ್ಬ್ಯಾಂಕಿನ ಸ್ಟುಡಿಯೋದಲ್ಲಿ ಪ್ರತಿ ವಾರ ಪ್ರೇಕ್ಷಕರೆದುರೇ ಚಿತ್ರೀಕರಣವಾಗುತ್ತಿದ್ದ ಟಿವಿ ಹಾಸ್ಯ ಧಾರಾವಾಹಿಯಲ್ಲಿ ಅವನದು ಎಲ್ಲದಕ್ಕೂ ಮೂಗು ತೂರಿಸುವ ನೆರೆಮನೆಯವನ ಪಾತ್ರ. ಹಾಲು ತರಲು ಹೋದರೂ ಜನ ಕೈಕುಲುಕಲು ಬರುತ್ತಿದ್ದರು. ಅದು ಅವನಿಗೆ ಬೇಕಾಗಿತ್ತು, ಇಲ್ಲವೆಂದರೆ ಸುಳ್ಳಾದೀತು.

ಆ ಮುಖವನ್ನು ಹದಕ್ಕೆ ತಂದವಳು ಫರ್ನ್ ಮೆರಿಕ್. ಊರೂರು ಸುತ್ತುವ ಡೇರೆ ನಾಟಕದ ಕಂಪನಿಯಲ್ಲಿ ಅವಳು ಹಿರಿಯ ನಟಿ, ಇವನು ಆಗಷ್ಟೇ ಸೇರಿದ ಹುಂಬ. "ಇನ್ನೊಬ್ರು ಮಾತಾಡುವಾಗ ಹಿಂದೆ ನಿಂತು ಮುಖ ಹಿಂಡಿ ಅವರ ನಗು ಕದಿಯೋದು ಜೇಬು ಕತ್ತರಿಸೋ ಕೆಲ್ಸ ಕಣೋ" ಎಂದು ಬೈದು ಕಲಿಸಿದ್ದಳು. ಟಿವಿ ಬಂದು ಡೇರೆಗಳು ಮಡಚಿಕೊಂಡ ಮೇಲೆ ಅವಳು ಟೋಪಿ ಅಂಗಡಿಯಲ್ಲಿ ಹೊಲಿಗೆಗೆ ಕೂತಳು. ಡೆಲ್ಬರ್ಟನೇ ನಿರ್ಮಾಪಕರ ಕಿವಿಗೆ ಹಾಕಿ ಅವಳಿಗೊಂದು ಸೋದರತ್ತೆಯ ಪಾತ್ರ ಕೊಡಿಸಿದ. ಒಂದು ದೃಶ್ಯ, ಒಂದು ಮಾತು.

ನಿರ್ಮಾಪಕರು ಸುತ್ತಿಬಳಸುವವರಲ್ಲ. "ಆ ಮಾತಿಗೆ ಜನ ನಕ್ಕರೆ ಅತ್ತೆ ಪ್ರತಿ ವಾರ ಇರ್ತಾಳೆ. ಇಲ್ಲಾಂದ್ರೆ ಬಸ್ ಹತ್ತಿಸ್ತೀನಿ" ಎಂದರು.

ಚಿತ್ರೀಕರಣದ ದಿನ ಫರ್ನ್ ಗರಿ ಸಿಕ್ಕಿಸಿದ ಟೋಪಿ ಹಾಕಿ, ಬುಟ್ಟಿಯಲ್ಲಿ ಬೆಕ್ಕು ಹಿಡಿದು ಒಳಬಂದಳು. ಅವಳ ಪೆಟ್ಟಿಗೆ ಹೊತ್ತು ಡೆಲ್ಬರ್ಟ್ ಹಿಂದೆ ಬಂದ. "ಬಹಳ ದಿನ ಇರಲ್ಲಮ್ಮ" ಎಂದು ಅವಳು ಶುರುಮಾಡಿದಳು. ಮಾತಿನ ನಡುವೆ ಚೂರು ನಿಲ್ಲಿಸುವುದು ಅವಳ ಹಳೆಯ ಪಟ್ಟು. ಆ ಮೌನ ಡೆಲ್ಬರ್ಟನಿಗೆ ತಡೆಯಲಾಗಲಿಲ್ಲ. ಹುಬ್ಬು ಏರಿತು, ಕಣ್ಣು ಮೆಲ್ಲಗೆ ಬುಟ್ಟಿಯತ್ತ ಇಳಿಯಿತು. "ಬೆಕ್ಕು ಮರಿ ಹಾಕೋವರೆಗೆ ಅಷ್ಟೆ" ಎಂದು ಅವಳು ಹೇಳುವಷ್ಟರಲ್ಲಿ ಪ್ರೇಕ್ಷಕರು ಬಿದ್ದು ಬಿದ್ದು ನಗುತ್ತಿದ್ದರು.

"ನಗು ನಿಂದು ಡೆಲ್. ಆ ಅಜ್ಜಿ ಇದ್ರೂ ಅಷ್ಟೆ, ಇಲ್ದಿದ್ರೂ ಅಷ್ಟೆ" ಎಂದರು ನಿರ್ಮಾಪಕರು ಬೆನ್ನು ತಟ್ಟಿ. ತಪ್ಪು ನನ್ನದು, ಫರ್ನಳಿಗೆ ಇನ್ನೊಂದು ವಾರ ಕೊಡಿ ಎಂದು ಡೆಲ್ಬರ್ಟ್ ಅನ್ನಬಹುದಿತ್ತು. ಮಹಾಶಯ ಕಾಫಿ ಕುಡಿದ.

ತನ್ನ ಬೆನ್ನ ಹಿಂದೆ ಏನಾಯಿತೆಂದು ಫರ್ನಳಿಗೆ ಗೊತ್ತೇ ಇರಲಿಲ್ಲ. ಸ್ಟುಡಿಯೋ ಹೊರಗಿನ ಓಣಿಯಲ್ಲಿ ಅವನ ತೋಳು ಹಿಡಿದು, "ಕೇಳಿಸ್ಕೊಂಡೇನೋ? ಇನ್ನೂ ಬರುತ್ತೆ ಕಣೋ ನಂಗೆ. ಪ್ರಸಾರದ ದಿನ ಅಕ್ಕಪಕ್ಕದವರನ್ನೆಲ್ಲ ಕರೀತೀನಿ. ನೀನೂ ಬರ್ಬೇಕು" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಬರ್ತೀನಿ" ಎಂದ.

ಪ್ರಸಾರದ ದಿನದವರೆಗೂ ಸ್ಟುಡಿಯೋದಿಂದ ಅವಳಿಗೆ ಫೋನ್ ಬಂದಿರಲಿಲ್ಲ. ಪ್ರಸಾರವಾದ ಮೇಲೆ ಕರೆಯುತ್ತಾರೆ ಎಂದು ನೆರೆಯವರಿಗೆ ಹೇಳಿಕೊಂಡು ಓಡಾಡುತ್ತಿದ್ದಳು. ಅವಳ ಮನೆಯಲ್ಲಿ ಡೆಲ್ಬರ್ಟನೂ ಸೇರಿ ಎಲ್ಲರೂ ಟಿವಿ ಮುಂದೆ ಕೂತಿದ್ದಾಗ ಆ ದೃಶ್ಯ ಬಂತು. ಪರದೆಯ ತುಂಬ ಡೆಲ್ಬರ್ಟನ ಮುಖ, ಮೂಲೆಯಲ್ಲಿ ಟೋಪಿಯ ಗರಿ. ಅವಳ ಮಾತು ನಗುವಿನಡಿ ಮುಚ್ಚಿಹೋಯಿತು. ಕೋಣೆಯವರೆಲ್ಲ ನಕ್ಕು ಅವನತ್ತ ತಿರುಗಿದರು.

"ಫರ್ನ್, ನೀನೆಲ್ಲಿದ್ದೆ? ನಂಗೆ ಕಾಣ್ಲೇ ಇಲ್ಲ" ಎಂದಳು ಪಕ್ಕದ ಮನೆಯ ಮಿಸೆಸ್ ಪ್ಲಮರ್.

"ಇವನ ಮುಂದೆ" ಎಂದಳು ಫರ್ನ್. ಕಣ್ಣು ಟಿವಿಯ ಮೇಲೇ ಇತ್ತು.

ಡೆಲ್ಬರ್ಟನ ಕಿವಿ ಸುಡುತ್ತಿತ್ತು. ಇಲ್ಲೇ, ಇವರೆಲ್ಲರೆದುರೇ ಕ್ಷಮೆ ಕೇಳಿಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಮಿಸ್ಟರ್ ಪ್ಲಮರ್, "ಆ ಮುಖ ಒಂದ್ಸಲ ಇಲ್ಲೂ ಮಾಡಿ ಸಾರ್" ಎಂದರು. ಉಳಿದವರೂ ದನಿಗೂಡಿಸಿದರು.

ಅವನು ಫರ್ನಳ ಮುಖ ನೋಡಿದ.

"ಮಾಡು ಮಗಾ" ಎಂದಳು ಅವಳು. "ಇಷ್ಟು ಜನ ಕೇಳ್ತಿದ್ದಾರಲ್ಲ."

ದನಿಯಲ್ಲಿ ಸಿಟ್ಟಿದ್ದರೆ ಅವನು ಬಚಾವಾಗುತ್ತಿದ್ದ. ಆಗಲ್ಲ ಎನ್ನಲು ಈಗಲೂ ಸಮಯವಿತ್ತು. ಎಲ್ಲರೂ ಸುಮ್ಮನಾಗಿ ಅವನನ್ನೇ ನೋಡುತ್ತ ಕಾದರು.

ಅವನು ಎದ್ದು ನಿಂತು ಮಾಡಿ ತೋರಿಸಿದ.